ಓದುವಾಗ ಕಣ್ಣು ನೋಡುವುದು ಪದವನ್ನೋ, ಅಕ್ಷರವನ್ನೋ?

ಸುಮ್ನೆ_ಓದುವವ:
ಒಂದು ಫಾರ್ವರ್ಡ್ ಮೆಸೇಜ್ ನೀವೂ ನೋಡಿರುತ್ತೀರಿ. ಪದದ ಮೊದಲ ಅಕ್ಷರ, ಕೊನೆಯ ಅಕ್ಷರ ಸರಿಯಾಗಿದ್ದರೆ ಸಾಕಂತೆ, ನಡುವಿನವು ಹೇಗೆ ಅದಲುಬದಲಾದರೂ ಓದಬಹುದಂತೆ, ಯಾಕಂದ್ರೆ ಮೆದುಳು ಅಕ್ಷರಗಳನ್ನು ನೋಡುವುದೇ ಇಲ್ಲ, ಇಡೀ ಪದವನ್ನು ಚಿತ್ರದ ಹಾಗೆ ನೋಡುತ್ತದೆ, ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಇದನ್ನು ಕಂಡುಹಿಡಿದಿದ್ದಾರೆ ಅಂತ. ಆ ಮೆಸೇಜೇ ಅದಲುಬದಲಾದ ಇಂಗ್ಲಿಷಿನಲ್ಲಿ ಇರುತ್ತದೆ, ನಾವು ಓದಿಯೂ ಬಿಡುತ್ತೇವೆ. ಆದರೆ ಅಕ್ಷರ ನೋಡುವುದೇ ಇಲ್ಲ ಅಂದ ಮೇಲೆ ಮೊದಲನೆಯದು ಕೊನೆಯದು ಮಾತ್ರ ಯಾಕೆ ಸರಿ ಇರಬೇಕು? ಗೊತ್ತಿರುವವರು ಸ್ವಲ್ಪ ಹೇಳಿ.

ಕಣ್ಣಾಡಿಸುವವಳು:
ಅನುಮಾನ ಸರಿಯಾಗಿದೆ. ಆ ಮೆಸೇಜ್ ಹರಡಿದ್ದು 2003ರಲ್ಲಿ. ಕೇಂಬ್ರಿಜ್‌ನಲ್ಲಿ ಅಂಥ ಸಂಶೋಧನೆ ನಡೆದೇ ಇರಲಿಲ್ಲ. ಅಲ್ಲಿ ಭಾಷೆ ಮತ್ತು ಮೆದುಳಿನ ಬಗ್ಗೆ ಕೆಲಸ ಮಾಡುವ ಮ್ಯಾಟ್ ಡೇವಿಸ್ ಆಗಲೇ ಇದರ ಮೂಲ ಹುಡುಕಿ ವಿವರವಾಗಿ ಬರೆದರು. ಇದಕ್ಕೆ ಹತ್ತಿರದ ಕೆಲಸ ಅಂದರೆ ಗ್ರಹಾಂ ರಾಲಿನ್ಸನ್ 1976ರಲ್ಲಿ ನಾಟಿಂಗ್‌ಹ್ಯಾಂ ವಿಶ್ವವಿದ್ಯಾಲಯದಲ್ಲಿ ಮಾಡಿದ ಪಿಎಚ್‌ಡಿ.

ಓದಲು ಆಗುತ್ತದೆ ಅನ್ನುವುದು ಸುಳ್ಳಲ್ಲ. ಆದರೆ ಪುಕ್ಕಟೆ ಅಲ್ಲ. 2006ರಲ್ಲಿ ಕೀತ್ ರೇನರ್ ಮತ್ತು ಜೊತೆಗಾರರು ಇಂಗ್ಲಿಷ್ ವಾಕ್ಯಗಳನ್ನು ಓದುವವರ ಕಣ್ಣಿನ ಚಲನೆ ಅಳೆದು ನೋಡಿದರು. ಪದದ ನಡುವಿನ ಅಕ್ಷರಗಳನ್ನು ಅದಲುಬದಲು ಮಾಡಿದಾಗ ಓದುವ ವೇಗ ಶೇ 11ರಷ್ಟು ಇಳಿಯಿತು. ಪದದ ಕೊನೆಯಲ್ಲಿ ಮಾಡಿದರೆ ಶೇ 26, ಪದದ ಶುರುವಿನಲ್ಲೇ ಮಾಡಿದರೆ ಶೇ 36. ಅಕ್ಷರ ನೋಡದ ಮೆದುಳಿಗೆ ಎಲ್ಲಿ ಬದಲಾದರೂ ಒಂದೇ ಆಗಬೇಕಿತ್ತು, ಅಲ್ವಾ?

ಮೆಸೇಜ್ ಬರೆದವರ ಜಾಣತನವನ್ನೂ ನೋಡಿ. ಇಂಗ್ಲಿಷಿನಲ್ಲಿ ಎರಡು, ಮೂರು ಅಕ್ಷರದ ಪದಗಳು ಜಾಸ್ತಿ, ಅವುಗಳಲ್ಲಿ ಅದಲುಬದಲು ಮಾಡಲು ಏನೂ ಇರುವುದಿಲ್ಲ, ಹಾಗಾಗಿ ವಾಕ್ಯದ ಹಂದರ ಹಾಗೇ ಉಳಿಯುತ್ತದೆ. ಬದಲಾದ ಕಡೆಯೂ ಹೆಚ್ಚಾಗಿ ಅಕ್ಕಪಕ್ಕದ ಅಕ್ಷರಗಳೇ ಬದಲಾಗಿವೆ. ಮುಂದೆ ಏನು ಬರುತ್ತದೆ ಅಂತ ಊಹಿಸುವುದೂ ಸುಲಭ.

ಮೂರನೇ_ಬೆಂಚು:
ಕನ್ನಡದಲ್ಲಿ ಮಾಡಿ ನೋಡೋಣ ಬಿಡಿ. ಇದನ್ನು ಓದಿ:

ಪಕ್ಷೆರೀಯಲ್ಲಿ ಉತ್ತರ ಬಯುರೆವಾಗ ಪ್ರಗಶ್ನೆಳನ್ನು ಗನಮವಿಟ್ಟು ಓಬೇದಕು.

ಮೊದಲ, ಕೊನೆಯ ಅಕ್ಷರ ಎಲ್ಲ ಸರಿಯಾಗಿಯೇ ಇವೆ. ಈಗ ಇದು, ಇಲ್ಲಿ ಅಕ್ಷರ ಅಲ್ಲಲ್ಲೇ ಇವೆ, ಸ್ವರಚಿಹ್ನೆ ಮಾತ್ರ ಜಾಗ ಬದಲಾಯಿಸಿವೆ:

ಪರೆಕ್ಷೀಯಲ್ಲಿ ಉತ್ತರ ಬರುಯೆವಾಗ ಪ್ರಶ್ನಗೆಳನ್ನು ಗಮನಿವಟ್ಟು ಓದೇಬಕು.

ನನಗಂತೂ ಮೊದಲನೆಯದು ಕಷ್ಟ, ಎರಡನೆಯದು ಸಲೀಸು. ಅಂದರೆ ಕನ್ನಡದಲ್ಲಿ ವ್ಯಂಜನದ ಸಾಲೇ ಮುಖ್ಯ, ಕೊಂಬು ಗುಡಿಸು ಆಮೇಲೆ. ಏನಂತೀರಿ?

ಕರಡು_ತಿದ್ದುವವ:
ಮೊದಲನೆಯದನ್ನು ಓದಿದ ಮೇಲೆ ಎರಡನೆಯದು ಸಲೀಸಾಗದೆ ಇನ್ನೇನು? ವಾಕ್ಯ ಆಗಲೇ ಗೊತ್ತಾಗಿರುತ್ತದೆ. ಇಬ್ಬರಿಗೆ ಬೇರೆ ಬೇರೆಯಾಗಿ ಕೊಟ್ಟು ನೋಡಿ, ಆಮೇಲೆ ಮಾತಾಡಿ.

ಮೂರನೇ_ಬೆಂಚು:
ಅಯ್ಯೋ, ಇದನ್ನು ಯೋಚಿಸಿರಲಿಲ್ಲ 😄

ಫಾಂಟ್_ಹುಚ್ಚ:
"ಪದದ ಆಕಾರ" ಎನ್ನುವ ಮಾತು ನಮ್ಮ ಅಕ್ಷರ ವಿನ್ಯಾಸದವರ ನಡುವೆ ತುಂಬಾ ಹಳೆಯದು, ಹಾಗಾಗಿ ಒಂದಿಷ್ಟು ಹೇಳುತ್ತೇನೆ. 1886ರಲ್ಲಿ ಜೇಮ್ಸ್ ಕ್ಯಾಟೆಲ್ ಒಂದು ವಿಷಯ ಗಮನಿಸಿದ್ದರು. ಕ್ಷಣ ಮಾತ್ರ ತೋರಿಸಿದಾಗ ಬಿಡಿ ಅಕ್ಷರಗಳಿಗಿಂತ ಪದಗಳು ಚೆನ್ನಾಗಿ ಗುರುತು ಸಿಗುತ್ತವೆ. ಅಲ್ಲಿಂದ ಜನ ಎಗರಿದ್ದು ಎಲ್ಲಿಗೆ ಅಂದರೆ, ಓದುವವರು ಪದದ ಹೊರಗೆರೆಯನ್ನು ನೋಡುತ್ತಾರೆ, ಒಳಗಿನ ಅಕ್ಷರ ಲೆಕ್ಕಕ್ಕಿಲ್ಲ ಎನ್ನುವಲ್ಲಿಗೆ. ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಕೆಲವು ಮೇಲೆ ಚಾಚುತ್ತವೆ, ಕೆಲವು ಕೆಳಗೆ ಇಳಿಯುತ್ತವೆ, ಆದ್ದರಿಂದ ಪ್ರತಿ ಪದಕ್ಕೂ ಒಂದು ಬಾಹ್ಯರೇಖೆ ಸಿಗುತ್ತದೆ. ಎಲ್ಲವನ್ನೂ ದೊಡ್ಡಕ್ಷರದಲ್ಲಿ ಹೊಡೆದರೆ ಓದುವುದು ನಿಧಾನವಾಗುತ್ತದೆ. ಸಾಕ್ಷಿ ಸಿಕ್ಕಿತು ಅಂತ ಎಲ್ಲರೂ ಖುಷಿಪಟ್ಟರು.

ಆದರೆ ಒಂದು ದೊಡ್ಡಕ್ಷರ, ಒಂದು ಸಣ್ಣಕ್ಷರ ಹೀಗೆ ಬೆರಕೆ ಮಾಡಿ ಬರೆದರೂ ಜನ ಓದುತ್ತಾರೆ, ಅಂಥ ಆಕಾರವನ್ನು ಜನ್ಮದಲ್ಲಿ ನೋಡಿರದಿದ್ದರೂ. ನಾವು ದಿನವೂ ಹತ್ತು ಥರದ ಫಾಂಟ್ ಓದುತ್ತೇವೆ, ಕೈಬರಹ ಓದುತ್ತೇವೆ, ಪದದ ಹೊರಗೆರೆ ಪ್ರತಿ ಸಲ ಬೇರೆಯೇ. 2003ರಲ್ಲಿ ಡೆನಿಸ್ ಪೆಲ್ಲಿ ಮತ್ತಿಬ್ಬರು ನೇಚರ್ ಪತ್ರಿಕೆಯಲ್ಲಿ ತೋರಿಸಿದ್ದು ಇನ್ನೂ ಖಡಕ್ಕಾಗಿದೆ: ಮಸುಕಾಗಿ, ಕಣ್ಣಿಗೆ ಅಡ್ಡಬರುವ ಚುಕ್ಕೆಗಳ ಗದ್ದಲದ ನಡುವೆ ಪದ ತೋರಿಸಿದಾಗ, ಅದರ ಅಕ್ಷರಗಳು ಒಂದೊಂದೂ ಬಿಡಿಯಾಗಿ ಗುರುತಾಗುವ ಮಟ್ಟಕ್ಕೆ ಬರದೆ ಪದ ಓದಲು ಆಗುವುದೇ ಇಲ್ಲ. ಲಕ್ಷಾಂತರ ಸಲ ನೋಡಿದ ಮೂರಕ್ಷರದ ಪದಕ್ಕೂ ಇದೇ ಗತಿ. ಇಡೀ ಪದವೇ ಚಿತ್ರವಾಗಿದ್ದಿದ್ದರೆ ಹೀಗೆ ಆಗಬಾರದಿತ್ತು. 2004ರಲ್ಲಿ ಮೈಕ್ರೋಸಾಫ್ಟ್‌ನ ಕೆವಿನ್ ಲಾರ್ಸನ್ ಇವನ್ನೆಲ್ಲ ಒಟ್ಟು ಸೇರಿಸಿ ವಿನ್ಯಾಸಕಾರರಿಗಾಗಿಯೇ ಬರೆದರು. ಆದರೂ ನಮ್ಮವರು ಈಗಲೂ ವೇದಿಕೆ ಹತ್ತಿದರೆ ಪದದ ಆಕಾರ ಅಂತಲೇ ಶುರು ಮಾಡುತ್ತಾರೆ!

ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎನ್ನುವುದೇ ಇಲ್ಲ. ಬಹುತೇಕ ಅಕ್ಷರಗಳು ಗುಂಡಗೆ, ತಲೆಗೆ ತಲಕಟ್ಟು. ದೂರದಿಂದ ನೋಡಿದರೆ ಪ, ಷ, ವ, ಮ ಎಲ್ಲ ಅಣ್ಣತಮ್ಮಂದಿರು. ಹೊರಗೆರೆ ನಂಬಿಕೊಂಡರೆ ಕನ್ನಡ ಓದಿದ ಹಾಗೇ.

ಸುಮ್ನೆ_ಓದುವವ:
ಹಾಗಾದರೆ ಒಂದೊಂದೇ ಅಕ್ಷರ ಕೂಡಿಸಿ ಓದುತ್ತೇವೆ ಅಂತಾಯಿತು. ಆದರೆ ಕ್ಯಾಟೆಲ್ ಹೇಳಿದ್ದು ಸುಳ್ಳಲ್ಲ ಅಂತೀರಿ. ಬಿಡಿ ಅಕ್ಷರಕ್ಕಿಂತ ಪದವೇ ಬೇಗ ಗುರುತಾಗುವುದು ಹೇಗೆ? ಇಟ್ಟಿಗೆ ಕಾಣುವ ಮೊದಲೇ ಗೋಡೆ ಕಂಡ ಹಾಗಾಯಿತಲ್ಲ.

ಕಣ್ಣಾಡಿಸುವವಳು:
ಈ ಪ್ರಶ್ನೆಯೇ ಇಡೀ ವಿಷಯದ ತಿರುಳು.

ಕ್ಯಾಟೆಲ್ ಪ್ರಯೋಗಕ್ಕೆ ಒಂದು ತಕರಾರು ಇತ್ತು. ಪದದ ಅರ್ಧ ಕಂಡರೂ ಉಳಿದದ್ದನ್ನು ಊಹಿಸಿ ಹೇಳಬಹುದು, ಹಾಗಾಗಿ ಅದು ಕಣ್ಣಿನ ಕೆಲಸವೋ ಊಹೆಯ ಕೆಲಸವೋ ಗೊತ್ತಾಗುವುದಿಲ್ಲ. 1969ರಲ್ಲಿ ಜೆರಾಲ್ಡ್ ರೈಕರ್ ಇದಕ್ಕೊಂದು ಉಪಾಯ ಮಾಡಿದರು. ಇಂಗ್ಲಿಷಿನ ವರ್ಡ್ ಎನ್ನುವ ಪದವನ್ನು ಕ್ಷಣಾರ್ಧ ತೋರಿಸಿ, ತಕ್ಷಣ ಅದರ ಮೇಲೆ ಗೀಚುಗೆರೆ ಮುಚ್ಚಿ, ಕೊನೆಯಲ್ಲಿ ಇದ್ದದ್ದು ಡಿ ಅಕ್ಷರವೋ ಕೆ ಅಕ್ಷರವೋ ಅಂತ ಕೇಳುವುದು. ಡಿ ಇದ್ದರೆ ವರ್ಡ್, ಕೆ ಇದ್ದರೆ ವರ್ಕ್, ಎರಡೂ ಸರಿಯಾದ ಪದಗಳೇ. ಈಗ ಊಹೆಯಿಂದ ಲಾಭವಿಲ್ಲ. ಆದರೂ ಡಿ ಒಂದನ್ನೇ ತೋರಿಸಿದಾಗ, ಅಥವಾ ಅರ್ಥವಿಲ್ಲದ ಅಕ್ಷರಗಳ ಸಾಲಿನಲ್ಲಿ ತೋರಿಸಿದಾಗ ಇದ್ದದ್ದಕ್ಕಿಂತ ಪದದೊಳಗೆ ಇದ್ದಾಗ ಜನ ಜಾಸ್ತಿ ಸರಿ ಹೇಳಿದರು. ಮರುವರ್ಷ ಡೇನಿಯಲ್ ವೀಲರ್ ಮಾಡಿದಾಗಲೂ ಹಾಗೇ ಬಂತು. ಅಂದರೆ ಪದ ಎನ್ನುವುದು ಅಕ್ಷರ ಕಾಣುವುದಕ್ಕೇ ಸಹಾಯ ಮಾಡುತ್ತಿದೆ.

ಇದು ಹೇಗೆ ಆಗಬಹುದು ಅಂತ ಮೆಕ್‌ಕ್ಲೆಲೆಂಡ್ ಮತ್ತು ರುಮೆಲ್‌ಹಾರ್ಟ್ 1981ರಲ್ಲಿ ಒಂದು ಮಾದರಿ ಕೊಟ್ಟರು. ಮೂರು ಹಂತ. ಕೆಳಗೆ ಗೆರೆ, ವಕ್ರ, ಇಂಥವು. ಅದರ ಮೇಲೆ ಅಕ್ಷರಗಳು. ಅದರ ಮೇಲೆ ಪದಗಳು. ಕೆಳಗಿನಿಂದ ಸುಳಿವು ಮೇಲಕ್ಕೆ ಹೋಗುತ್ತದೆ, ಅದೂ ಎಲ್ಲ ಅಕ್ಷರಗಳಿಂದಲೂ ಒಟ್ಟಿಗೇ, ಸರದಿಯಲ್ಲಿ ಅಲ್ಲ. ಅಕ್ಷರ ಇನ್ನೂ ಪೂರ್ತಿ ತೀರ್ಮಾನ ಆಗುವ ಮೊದಲೇ ಮೇಲಿನ ಪದಗಳು ಒಂದಿಷ್ಟು ಎಚ್ಚರವಾಗಿರುತ್ತವೆ, ಮತ್ತು ಅವು ತಮ್ಮ ಅಕ್ಷರಗಳಿಗೆ ಕೆಳಮುಖವಾಗಿ ಬಲ ಕೊಡುತ್ತವೆ. ತಮಗೆ ಹೊಂದದ ಪದಗಳನ್ನು ತುಳಿಯುತ್ತವೆ ಕೂಡ. ಹೀಗೆ ಮೇಲೆ ಕೆಳಗೆ ಓಡಾಡಿ ಒಂದು ಪದ ಗೆಲ್ಲುತ್ತದೆ. ನಿಮ್ಮ ಗೋಡೆ ಇಟ್ಟಿಗೆಯಿಂದಲೇ ಆದದ್ದು, ಆದರೆ ಅರ್ಧ ಎದ್ದ ಗೋಡೆಯೇ ಮುಂದಿನ ಇಟ್ಟಿಗೆ ಯಾವುದಿರಬಹುದು ಅಂತ ಹೇಳುತ್ತದೆ ಅಂದುಕೊಳ್ಳಿ.

ಒಂದೊಂದೇ ಕೂಡಿಸುವುದಲ್ಲ ಎನ್ನುವುದಕ್ಕೆ ಇನ್ನೊಂದು ಸಾಕ್ಷಿ: ಚೆನ್ನಾಗಿ ಓದುವ ದೊಡ್ಡವರಿಗೆ ಗೊತ್ತಿರುವ ಪದ ನಾಲ್ಕಕ್ಷರವಾಗಲಿ ಆರಕ್ಷರವಾಗಲಿ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಈಗಷ್ಟೇ ಓದು ಕಲಿಯುವ ಮಗುವಿಗೆ ಹಾಗಲ್ಲ, ಅಕ್ಷರ ಜಾಸ್ತಿ ಆದಷ್ಟೂ ಹೊತ್ತು ಜಾಸ್ತಿ.

ಮೂರನೇ_ಬೆಂಚು:
ಪದಗಳು ಪದಗಳನ್ನು ತುಳಿಯುತ್ತವೆ! ಚುನಾವಣೆ ನಡೆದ ಹಾಗಿದೆ ತಲೆಯೊಳಗೆ.

ಕರಡು_ತಿದ್ದುವವ:
ಆ "ಮೇಲಿನಿಂದ ಬಲ" ಇದೆಯಲ್ಲ, ಅದೇ ನಮ್ಮ ಶತ್ರು. ಪ್ರೂಫ್ ನೋಡುವುದೇ ನನ್ನ ಕೆಲಸ. ಮೆರವಣಿಗೆ ಎನ್ನುವುದು ಮೆವರಣಿಗೆ ಅಂತ ಇದ್ದರೆ ಸಾಮಾನ್ಯ ಓದುಗ ದಾಟಿಕೊಂಡು ಹೋಗುತ್ತಾನೆ, ಅವನಿಗೆ ಅದು ಮೆರವಣಿಗೆಯಾಗಿಯೇ ಕಾಣುತ್ತದೆ. ಬರೆದವರಿಗಂತೂ ಖಂಡಿತ ಕಾಣುವುದಿಲ್ಲ. ಅವರು ಓದುವುದು ಹಾಳೆಯನ್ನಲ್ಲ, ತಲೆಯಲ್ಲಿ ಇರುವುದನ್ನು. ಇನ್ನೂ ಕಷ್ಟ ಸಣ್ಣ ಪದಗಳದ್ದು: ಒಂದು, ಮತ್ತು, ಆದರೆ, ಇಂಥವು ಎರಡೆರಡು ಸಲ ಬಂದಿದ್ದರೂ, ಒಂದು ಅಕ್ಷರ ಬಿಟ್ಟಿದ್ದರೂ ಕಣ್ಣು ಹಿಡಿಯುವುದಿಲ್ಲ.

ನಾವು ಮಾಡುವುದು ಏನಂದರೆ ಆ ಸಹಾಯವನ್ನು ಬೇಕಂತಲೇ ತಪ್ಪಿಸುವುದು. ಸಾಲಿನ ಕೆಳಗೆ ಅಡ್ಡಪಟ್ಟಿ ಇಟ್ಟು ಓದುವುದು, ಕೊನೆಯ ವಾಕ್ಯದಿಂದ ಶುರು ಮಾಡಿ ಹಿಂದಕ್ಕೆ ಬರುವುದು, ಫಾಂಟ್ ಬದಲಿಸಿ ಇನ್ನೊಂದು ಸಲ ನೋಡುವುದು, ಜೋರಾಗಿ ಒಬ್ಬರು ಓದುವಾಗ ಇನ್ನೊಬ್ಬರು ನೋಡುವುದು. ಅರ್ಥ ಸಿಕ್ಕಷ್ಟೂ ತಪ್ಪು ಅಡಗುತ್ತದೆ. ಕಥೆ ಚೆನ್ನಾಗಿದ್ದರೆ ಪ್ರೂಫ್ ಕೆಟ್ಟಿತು ಅಂತಲೇ ಲೆಕ್ಕ.

ಕಣ್ಣಾಡಿಸುವವಳು:
ಸಣ್ಣ ಪದದ ವಿಷಯ ಸರಿಯಾಗಿ ಹೇಳಿದಿರಿ. ಆಲಿಸ್ ಹೀಲಿ 1976ರಲ್ಲಿ ಇದನ್ನೇ ತೋರಿಸಿದ್ದು. ಪುಟದಲ್ಲಿ ಟಿ ಅಕ್ಷರ ಬಂದ ಕಡೆಯೆಲ್ಲ ಗುರುತು ಹಾಕಿ ಅಂದರೆ, ಬೇರೆ ಪದಗಳಲ್ಲಿ ಇರುವ ಟಿ ಸಿಕ್ಕಿದರೂ 'ದಿ' ಎನ್ನುವ ಪದದಲ್ಲಿ ಇರುವ ಟಿಯನ್ನು ಜನ ಬಿಟ್ಟುಬಿಡುತ್ತಾರೆ. ಅಷ್ಟು ಪರಿಚಿತ ಪದ ಅದು.

ಕಣ್ಣು ಎಷ್ಟೋ ಸಲ ಅಂಥ ಪದದ ಮೇಲೆ ನಿಲ್ಲುವುದೂ ಇಲ್ಲ. ಓದುವಾಗ ಕಣ್ಣು ಸಾಲಿನ ಮೇಲೆ ಜಾರುವುದಿಲ್ಲ, ಜಿಗಿಯುತ್ತದೆ. ಒಂದೊಂದು ಕಡೆ ಸುಮಾರು 200ರಿಂದ 250 ಮಿಲಿಸೆಕೆಂಡ್ ನಿಂತು, ಇಂಗ್ಲಿಷಿನಲ್ಲಾದರೆ ಏಳೆಂಟು ಅಕ್ಷರದಷ್ಟು ಮುಂದಕ್ಕೆ ಹಾರುತ್ತದೆ. ಹತ್ತರಲ್ಲಿ ಒಂದು ಸಲವಾದರೂ ಹಿಂದಕ್ಕೂ ಬರುತ್ತದೆ. ನಿಂತಾಗ ಉಪಯೋಗಕ್ಕೆ ಬರುವ ಜಾಗ ಎಡಕ್ಕೆ ಮೂರು ನಾಲ್ಕು ಅಕ್ಷರ, ಬಲಕ್ಕೆ ಹದಿನಾಲ್ಕು ಹದಿನೈದು, ಅದರಲ್ಲೂ ದೂರದವು ಪದ ಎಲ್ಲಿ ಮುಗಿಯಿತು ಅಂತ ತಿಳಿಯಲು ಮಾತ್ರ. ಬಲದಿಂದ ಎಡಕ್ಕೆ ಓದುವ ಹೀಬ್ರೂನಲ್ಲಿ ಈ ಲೆಕ್ಕ ತಿರುಗಾಮುರುಗಾ ಆಗುತ್ತದೆ, ಎಡಕ್ಕೇ ಜಾಸ್ತಿ. ಅಂದರೆ ಇದು ಕಣ್ಣಿನ ಮಿತಿ ಮಾತ್ರ ಅಲ್ಲ, ಗಮನ ಯಾವ ಕಡೆಗಿದೆ ಎನ್ನುವುದರ ಮೇಲೂ ನಿಂತಿದೆ.

ಸುಮ್ನೆ_ಓದುವವ:
ಹಾಗಾದರೆ ಒಂದೇ ನೋಟಕ್ಕೆ ಇಡೀ ಪುಟ ಓದಿಸುತ್ತೇವೆ ಅಂತ ಕೋರ್ಸ್ ಮಾರುತ್ತಾರಲ್ಲ?

ಕಣ್ಣಾಡಿಸುವವಳು:
ಮಾರಲಿ. ದುಡ್ಡು ನಿಮ್ಮ ಹತ್ತಿರವೇ ಇರಲಿ. ಅದು ಓದುವುದಲ್ಲ, ಮೇಲಿಂದ ಮೇಲೆ ಕಣ್ಣಾಡಿಸುವುದು. ಅದಕ್ಕೂ ಉಪಯೋಗ ಇದೆ, ಆದರೆ ಅರ್ಥ ಸೋರುತ್ತದೆ.

ಫಾಂಟ್_ಹುಚ್ಚ:
ಮೇಡಂ, ನೀವು ಹೇಳಿದ್ದೆಲ್ಲ ಇಂಗ್ಲಿಷಿನ ಲೆಕ್ಕ. ಕನ್ನಡದಲ್ಲಿ "ಅಕ್ಷರ" ಅಂದರೆ ಯಾವುದು? 'ಸ್ತ್ರೀ' ಒಂದೇ ಅಕ್ಷರ, ಆದರೆ ಅದರೊಳಗೆ ಮೂರು ವ್ಯಂಜನ, ಒಂದು ದೀರ್ಘ ಸ್ವರ. ಒತ್ತು ಕೆಳಗೆ ಕೂರುತ್ತದೆ, ಗುಡಿಸು ಮೇಲೆ ಏರುತ್ತದೆ. ಕಣ್ಣು ಎಡದಿಂದ ಬಲಕ್ಕೆ ಮಾತ್ರ ಹೋದರೆ ಸಾಲದು, ಮೇಲೆ ಕೆಳಗೂ ನೋಡಬೇಕು. ಅರ್ಕಾವತ್ತು ಇನ್ನೂ ಮಜಾ. 'ಸೂರ್ಯ' ಬರೆದಾಗ ಕಣ್ಣಿಗೆ ಸಿಗುವುದು ಮೊದಲು ಯ, ಆಮೇಲೆ ಒಂಬತ್ತರ ಥರದ ಚಿಹ್ನೆ. ಬಾಯಿಗೆ ಮೊದಲು ಬರುವುದು ರ್. ಆದರೂ ಯಾರೂ ತೊಡರುವುದಿಲ್ಲ.

ಕಣ್ಣಾಡಿಸುವವಳು:
ದೊಡ್ಡವರು ತೊಡರುವ ಹಾಗೆ ಕಾಣುವುದಿಲ್ಲ, ಅಷ್ಟೇ. ಹಿಂದಿಯಲ್ಲಿ ಇಂಥದ್ದೇ ಒಂದಿದೆ. ಅಲ್ಲಿ 'ಇ' ಮಾತ್ರೆಯನ್ನು ವ್ಯಂಜನದ ಎಡಕ್ಕೆ ಬರೆಯುತ್ತಾರೆ, ಓದುವುದು ವ್ಯಂಜನದ ನಂತರ. ಜ್ಯೋತ್ಸ್ನಾ ವೈದ್ ಮತ್ತು ಆಶುಮ್ ಗುಪ್ತಾ 2002ರಲ್ಲಿ ಅಳೆದಾಗ ಅಂಥ ಪದಗಳಿಗೆ ಸ್ವಲ್ಪ ಜಾಸ್ತಿ ಹೊತ್ತು ಹಿಡಿದದ್ದು ಕಂಡಿತು. ಬರೆದ ಕ್ರಮಕ್ಕೂ ನುಡಿವ ಕ್ರಮಕ್ಕೂ ಹೊಂದದಿದ್ದರೆ ಮೆದುಳು ಒಂದು ಚೂರು ಕಂದಾಯ ಕಟ್ಟುತ್ತದೆ.

ಅದಲುಬದಲಿನ ಆಟವೂ ಎಲ್ಲ ಭಾಷೆಯಲ್ಲಿ ನಡೆಯುವುದಿಲ್ಲ. ಹೀಬ್ರೂನಲ್ಲಿ ಹೆಚ್ಚಿನ ಪದಗಳ ಬೇರು ಮೂರು ವ್ಯಂಜನ. ಅವುಗಳ ಕ್ರಮ ಬದಲಾದರೆ ಬೇರೊಂದು ಬೇರೇ ಹುಟ್ಟಬಹುದು. ವೆಲಾನ್ ಮತ್ತು ಫ್ರಾಸ್ಟ್ 2007ರಲ್ಲಿ ಎರಡೂ ಭಾಷೆ ಬಲ್ಲವರಿಗೇ ಇಂಗ್ಲಿಷ್ ವಾಕ್ಯ, ಹೀಬ್ರೂ ವಾಕ್ಯ ಎರಡನ್ನೂ ಅಕ್ಷರ ಬದಲಿಸಿ ಕೊಟ್ಟರು. ಇಂಗ್ಲಿಷಿನಲ್ಲಿ ಅಷ್ಟೇನೂ ತೊಂದರೆಯಾಗಲಿಲ್ಲ, ಹೀಬ್ರೂನಲ್ಲಿ ಓದು ಕುಸಿದುಬಿತ್ತು. ಜನ ಅವರೇ, ಕಣ್ಣು ಅದೇ. ಅಂದರೆ ಅಕ್ಷರದ ಜಾಗವನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು ಎನ್ನುವುದನ್ನು ಮೆದುಳು ಆಯಾ ಭಾಷೆಯಿಂದಲೇ ಕಲಿಯುತ್ತದೆ.

ಕರಡು_ತಿದ್ದುವವ:
ನಮ್ಮಲ್ಲಿ ಇನ್ನೊಂದು ವಿಷಯ ಇದೆ. ಕನ್ನಡದಲ್ಲಿ ಪದದ ಬಾಲ ಉದ್ದ. 'ಓದುತ್ತಿದ್ದವರಿಗೆಲ್ಲ' ಒಂದೇ ಪದ. ಮೊದಲ ಅಕ್ಷರ ಮತ್ತು ಕೊನೆಯ ಅಕ್ಷರ ಸರಿ ಇಟ್ಟು ನಡುವಿನ ಎಲ್ಲವನ್ನೂ ಕಲಕಿದರೆ ಬ್ರಹ್ಮನಿಗೂ ಓದಲು ಆಗದು. ಅದೇ 'ಓದು', 'ಇದ್ದವರು', 'ಇಗೆ' ಈ ಗಡಿಗಳನ್ನು ಮುಟ್ಟದೆ ಬಿಟ್ಟರೆ ಹೇಗೋ ಗೊತ್ತಾಗುತ್ತದೆ. ನನ್ನ ಅಂದಾಜು, ಉದ್ದ ಪದವನ್ನು ನಾವು ತುಂಡು ತುಂಡಾಗಿಯೇ ಹಿಡಿಯುತ್ತೇವೆ.

ಪುಟ್ಟಿಯ_ಅಮ್ಮ:
ಎಲ್ಲ ಓದಿದೆ, ತುಂಬಾ ಚೆನ್ನಾಗಿ ಹೇಳಿದ್ದೀರಿ. ನನ್ನದು ಬೇರೆ ಪ್ರಶ್ನೆ. ಮಗಳು ಎರಡನೇ ಕ್ಲಾಸು. ಅವಳಿಗೆ ಚಿತ್ರದ ಜೊತೆ ಇಡೀ ಪದ ಇರುವ ಕಾರ್ಡುಗಳಿಂದ ಕಲಿಸಿದರು, ಮಕ್ಕಳು ಪದವನ್ನು ಚಿತ್ರದ ಹಾಗೆ ಹಿಡಿಯುತ್ತಾರೆ ಅಂತ. ಕಾರ್ಡಿನ ಪದಗಳೆಲ್ಲ ಪಟಪಟ ಹೇಳುತ್ತಾಳೆ. ಹೊಸ ಪುಸ್ತಕ ಕೊಟ್ಟರೆ 'ಸಮಯ' ಇರುವ ಕಡೆ 'ಸಮುದ್ರ' ಅನ್ನುತ್ತಾಳೆ. ಮೊದಲ ಅಕ್ಷರ ನೋಡಿ ಹಾರಿಸಿಬಿಡುತ್ತಾಳೆ. ದೊಡ್ಡವಳಾದಂತೆ ಸರಿಹೋಗುತ್ತದಾ?

ಸುಮ್ನೆ_ಓದುವವ:
ದೊಡ್ಡವರೂ ಊಹಿಸಿಯೇ ಓದುವುದಲ್ವಾ ಅಕ್ಕ? ಬಿಡಿ, ತಾನಾಗಿ ಬರುತ್ತದೆ.

ಕಣ್ಣಾಡಿಸುವವಳು:
ಇಲ್ಲ, ಇಲ್ಲಿ ಸ್ವಲ್ಪ ನಿಲ್ಲಿ. ದೊಡ್ಡವರ ವೇಗ ಊಹೆಯಿಂದ ಬಂದದ್ದಲ್ಲ. ಎಲ್ಲ ಅಕ್ಷರವನ್ನೂ ಒಟ್ಟಿಗೆ ಹಿಡಿಯುವಷ್ಟು ಪಳಗಿದ್ದರಿಂದ ಬಂದದ್ದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಅಷ್ಟೇ. ಮಗು ಒಂದು ಹೊಸ ಪದವನ್ನು ಅಕ್ಷರ ಬಿಡಿಸಿ, ಉಚ್ಚರಿಸಿ ತಾನೇ ಓದಿದಾಗ ಆ ಪದದ ಅಕ್ಷರಗಳು ನೆನಪಿನಲ್ಲಿ ಕೂರುತ್ತವೆ. ಕೆಲವು ಸಲ ಹಾಗೆ ಓದಿದ ಮೇಲೆ ಬಿಡಿಸುವ ಅಗತ್ಯ ಬೀಳುವುದಿಲ್ಲ. ಡೇವಿಡ್ ಶೇರ್ 1995ರಲ್ಲಿ ಇದನ್ನು ಮಗು ತನಗೆ ತಾನೇ ಪಾಠ ಹೇಳಿಕೊಳ್ಳುವ ಕ್ರಮ ಅಂತ ವಿವರಿಸಿದರು. ಪದವನ್ನು ಚಿತ್ರವಾಗಿ ಉರು ಹೊಡೆದರೆ ಈ ಪಾಠ ನಡೆಯುವುದೇ ಇಲ್ಲ. ಪ್ರತಿ ಹೊಸ ಪದಕ್ಕೂ ಯಾರಾದರೂ ಕಾರ್ಡು ತರಬೇಕು.

ಹಾಗಂತ ಗಾಬರಿ ಬೇಡ. ಕನ್ನಡ ಕಲಿಕೆ ನಿಧಾನವೇ. ನಲವತ್ತೊಂಬತ್ತು ಅಕ್ಷರ ಕಲಿತರೆ ಮುಗಿಯುವುದಿಲ್ಲ, ಕಾಗುಣಿತ, ಒತ್ತಕ್ಷರ ಸೇರಿ ನೂರಾರು ರೂಪ. ಸೋನಾಲಿ ನಾಗ್ 2007ರಲ್ಲಿ ಕನ್ನಡ ಓದುವ ಮಕ್ಕಳನ್ನು ನೋಡಿದಾಗ, ಅಕ್ಷರಗಳ ಮೇಲಿನ ಹಿಡಿತ ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇತ್ತು. ಎರಡನೇ ಕ್ಲಾಸಿನಲ್ಲಿ ಒತ್ತಕ್ಷರ ಬಂದಾಗ ತಡವರಿಸಿದರೆ ಅದು ದಡ್ಡತನ ಅಲ್ಲವೇ ಅಲ್ಲ. ಆದರೆ ತಡವರಿಸುವುದು ಬೇರೆ, ಹಾರಿಸುವುದು ಬೇರೆ.

ಪುಟ್ಟಿಯ_ಅಮ್ಮ:
ಇವಳದ್ದು ಹಾರಿಸುವುದೇ. ಅದಕ್ಕೇನು ಮಾಡಲಿ?

ಕರಡು_ತಿದ್ದುವವ:
ಚಿತ್ರ ಮುಚ್ಚಿ ಓದಿಸಿ ತಾಯಿ, ಚಿತ್ರ ಇದ್ದರೆ ಅಕ್ಷರ ಯಾಕೆ ನೋಡುತ್ತಾಳೆ?

ಫಾಂಟ್_ಹುಚ್ಚ:
ಅಕ್ಷರ ದೊಡ್ಡದಿರಲಿ, ಮುಖ್ಯವಾಗಿ ಅಕ್ಷರಗಳ ನಡುವೆ ಜಾಗ ಇರಲಿ. ಪಕ್ಕದವು ಒತ್ತಿಕೊಂಡಿದ್ದರೆ ನಡುವಿನದು ಕಲಸಿಹೋಗುತ್ತದೆ, ಎಲ್ಲರ ಕಣ್ಣಿಗೂ. ಇಟಲಿ, ಫ್ರಾನ್ಸ್‌ನ ಡಿಸ್ಲೆಕ್ಸಿಯಾ, ಅಂದರೆ ಓದು ಕಲಿಯುವುದೇ ಕಷ್ಟವಾಗುವ ತೊಂದರೆ, ಇರುವ ಮಕ್ಕಳಿಗೆ ಅಂತರ ಹೆಚ್ಚಿಸಿ ಕೊಟ್ಟಾಗ ಓದು ಸುಧಾರಿಸಿತು ಅಂತ 2012ರಲ್ಲಿ ಬಂದಿತ್ತು. ವಿಶೇಷ ಫಾಂಟ್ ಅಂತ ಮಾರುವವರ ಹಿಂದೆ ಹೋಗಬೇಡಿ, ಅಂತರವೇ ಅರ್ಧ ಕೆಲಸ ಮಾಡುತ್ತದೆ.

ಕಣ್ಣಾಡಿಸುವವಳು:
ಇಬ್ಬರೂ ಹೇಳಿದ್ದು ಸರಿ. ಅದರ ಜೊತೆಗೆ ಇದೊಂದು ಮಾಡಿ. ಒಂದೇ ಅಕ್ಷರದಿಂದ ಶುರುವಾಗಿ ಆಮೇಲೆ ಬೇರೆಯಾಗುವ ಪದಗಳನ್ನು ಒಟ್ಟಿಗೆ ಬರೆಯಿರಿ: ಸಮಯ, ಸಮರ, ಸಮತೆ, ಸಮುದ್ರ. ಅಥವಾ ಒಂದೇ ಚಿಹ್ನೆ ಬದಲಾಗುವಂಥವು: ಕಾಡು, ಕೋಡು, ಕೇಡು. ಇಲ್ಲಿ ಮೊದಲ ವ್ಯಂಜನ ನೋಡಿ ಹಾರಿಸಿದರೆ ಸಿಕ್ಕಿಬೀಳುತ್ತಾಳೆ, ಕೊನೆಯವರೆಗೂ ನೋಡಲೇಬೇಕು. ನಡುನಡುವೆ ಅರ್ಥವಿಲ್ಲದ 'ಸಮುಗ', 'ಕೂಡೆಪ' ಥರದವನ್ನೂ ಸೇರಿಸಿ, ಮಕ್ಕಳಿಗೆ ಅವು ನಗು ತರಿಸುತ್ತವೆ. ಅರ್ಥವಿಲ್ಲದ್ದನ್ನು ಊಹಿಸಲು ಯಾರಿಗೂ ಆಗುವುದಿಲ್ಲ. ಅದನ್ನು ಸರಿಯಾಗಿ ಓದಿದಳು ಅಂದರೆ ಅಕ್ಷರ ಗೊತ್ತಿದೆ, ಅಭ್ಯಾಸ ಮಾತ್ರ ಕೆಟ್ಟಿದೆ ಅಂತ ತಿಳಿಯಿರಿ. ಅಲ್ಲೂ ತಪ್ಪಿದರೆ ಯಾವ ಅಕ್ಷರದಲ್ಲಿ ತಪ್ಪುತ್ತಿದ್ದಾಳೆ ಅಂತ ಬರೆದಿಟ್ಟುಕೊಳ್ಳಿ. ಅಕ್ಷರ ಎಲ್ಲ ಸರಿ ಹೇಳಿ ಜಾಗ ಮಾತ್ರ ಪದೇ ಪದೇ ಹಿಂದೆಮುಂದೆ ಮಾಡುತ್ತಿದ್ದರೆ ಅದು ಬೇರೆಯದೇ ಥರದ ತೊಂದರೆ, ಓದಿನ ಸಮಸ್ಯೆ ನೋಡುವ ತಜ್ಞರಿಗೆ ತೋರಿಸುವುದು ಒಳ್ಳೆಯದು.

ಪುಟ್ಟಿಯ_ಅಮ್ಮ:
ಈಗಲೇ ಕೂರಿಸಿ ನೋಡಿದೆ. 'ಸಮುಗ' ಸರಿಯಾಗಿ ಓದಿದಳು. 'ಕೂಡೆಪ' ಅಂದರೆ ಯಾವ ಪ್ರಾಣಿ ಅಂತ ಕೇಳುತ್ತಿದ್ದಾಳೆ. 'ಸಮರ' ಕೊಟ್ಟರೆ ಮಾತ್ರ ಮತ್ತೆ 'ಸಮಯ' ಅಂದಳು.

ಕಣ್ಣಾಡಿಸುವವಳು:
ಹಾಗಾದರೆ ಅಕ್ಷರ ಗಟ್ಟಿಯಾಗಿಯೇ ಇದೆ. 'ಸಮರ' ಎನ್ನುವ ಪದ ಅವಳು ಕೇಳಿಯೇ ಇಲ್ಲವೇನೋ, ಗೊತ್ತಿರುವ 'ಸಮಯ' ಮುಂದೆ ನುಗ್ಗಿತು. ಮೊದಲು ಅದರ ಅರ್ಥ ಹೇಳಿ, ಒಂದೆರಡು ಮಾತಿನಲ್ಲಿ ಬಳಸಿ, ನಾಳೆ ಮತ್ತೆ ಓದಿಸಿ.